ನಮ್ಮ ಕಾಲೇಜುಗಳ ವೇಳಾಪತ್ರಿಕೆ

ಕಾಲೇಜಿನ ಫಲಕದ ಮೇಲೆ ಅಂಟಿಸಿದ ವೇಳಾಪತ್ರಿಕೆಯು ಸಾಮಾನ್ಯ ಜನರ ಲಕ್ಷ್ಯವನ್ನು ಸೆಳೆಯತಕ್ಕ ವಸ್ತುವಲ್ಲ. ಅದು ಪ್ರಾಚಾರ್ಯರ ಕೋಣೆಯ ವಿಷಯವೆಂದೂ, ಗೆರೆ ಎಳೆದು ಅಂಕಿ ತುಂಬುವ ಗುಮಾಸ್ತರ ಕೆಲಸವೆಂದೂ ಬಹು ಜನರು ತಿಳಿದಿರುವರು. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ಸರಕಾರಿ ಕಾಲೇಜುಗಳಿಗೆ ಮಕ್ಕಳನ್ನು ಕಳಿಸುವ ಪಾಲಕರು ಆ ಕಾಗದವನ್ನು ಒಮ್ಮೆ ಸಾವಕಾಶವಾಗಿ ಓದಿ ನೋಡಬೇಕೆಂದು ನಾವು ಬಿನ್ನವಿಸುತ್ತೇವೆ. ಅದರಲ್ಲಿ ವಿಷಯದ ಹೆಸರಿರುತ್ತದೆ, ತಾಸು ಇರುತ್ತದೆ, ಕೋಣೆಯ ಅಂಕಿಯೂ ಇರುತ್ತದೆ. ಕಲಿಸುವವರ ಹೆಸರಿರಬೇಕಾದ ಮನೆಯಲ್ಲಿ ಮಾತ್ರ 'ಅತಿಥಿ' ಎಂಬ ಶಬ್ದವು ಮೇಲಿಂದ ಮೇಲೆ ಬರುತ್ತದೆ. ತಿಥಿಯನ್ನು ಗೊತ್ತುಮಾಡದೆ ಬರತಕ್ಕವನೇ ಅತಿಥಿಯೆಂದು ಪಂಡಿತರು ಆ ಶಬ್ದಕ್ಕೆ ಅರ್ಥ ಹೇಳುವರು. ನಮ್ಮ ಉಚ್ಚ ಶಿಕ್ಷಣ ಇಲಾಖೆಯವರು ಆ ಅರ್ಥವನ್ನು ಅಕ್ಷರಶಃ ನಡೆಯಿಸಿ ತೋರಿಸುತ್ತಿದ್ದಾರೆ!

ನಿಯಮಗಳಿಗೆ ಕೊರತೆಯಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಮಾಡಿದ ನಿಬಂಧನೆಗಳ ಪ್ರಕಾರ ಕಾಯಂ ಅಧ್ಯಾಪಕರ ಕಾರ್ಯಭಾರವು ವಾರಕ್ಕೆ 40 ತಾಸುಗಳಿಗೆ ಕಡಿಮೆಯಾಗಕೂಡದು. ವರ್ಷದಲ್ಲಿ 30 ವಾರ, ಎಂದರೆ 180 ದಿವಸ, ಪಾಠ ನಡೆಯಬೇಕು. ಸಹಾಯಕ ಪ್ರಾಧ್ಯಾಪಕರು ತರಗತಿಯಲ್ಲಿ ನಿಂತು ವಾರಕ್ಕೆ 16 ತಾಸು, ಅವರಿಗಿಂತ ಮೇಲಿನವರು 14 ತಾಸು ಕಲಿಸಬೇಕು. ಉಳಿದ ವೇಳೆಯು ಓದಿಗೆ, ಸಿದ್ಧತೆಗೆ, ವಿದ್ಯಾರ್ಥಿಗಳೊಡನೆ ಸಮಾಲೋಚನೆಗೆ ಮೀಸಲು. ಈ ವ್ಯವಸ್ಥೆಯು ಯೋಗ್ಯವಾದುದೆಂಬುದರಲ್ಲಿ ಸಂದೇಹವಿಲ್ಲ. ಸಂದೇಹವಿರುವುದು, ಈ ನಿಬಂಧನೆಯು ಅನ್ವಯಿಸುವಂಥ ಮನುಷ್ಯರು ನಮ್ಮ ತಾಲೂಕಿನ ಕಾಲೇಜುಗಳಲ್ಲಿ ಎಷ್ಟು ಜನರಿರುವರೆಂಬುದರಲ್ಲಿ.

ರಾಜ್ಯದಲ್ಲಿ ಸುಮಾರು 430 ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಇವುಗಳಿಗಾಗಿ 2021ರಲ್ಲಿ ಅರ್ಜಿ ಕರೆದು 2022ರಲ್ಲಿ ಪರೀಕ್ಷೆ ನಡೆಯಿಸಿದ ಹುದ್ದೆಗಳು 1,242. ಭಾಗಿಸಿದರೆ ಕಾಲೇಜಿಗೆ ಮೂವರೂ ದಕ್ಕಲಾರರು. ಅತಿಥಿ ಉಪನ್ಯಾಸಕರೋ, ಆ ಕಾಲಕ್ಕೆ ಸುಮಾರು 14 ಸಾವಿರ ಜನರಿದ್ದರು. ತಿಂಗಳಿಗೆ 11 ಸಾವಿರವೋ 13 ಸಾವಿರವೋ ರೂಪಾಯಿ ಪಡೆದು, ವಾರಕ್ಕೆ 8ರಿಂದ 10 ತಾಸು ಕಲಿಸುತ್ತಿದ್ದ ಈ ಜನರು 2021ರ ದಶಂಬರದಲ್ಲಿ ತರಗತಿಗಳನ್ನು ಬಹಿಷ್ಕರಿಸಿದರು. ಅದರ ಫಲವಾಗಿ 2022ರ ಜನವರಿಯಲ್ಲಿ ಸರಕಾರದವರು ಗೌರವಧನವನ್ನು 26 ಸಾವಿರದಿಂದ 32 ಸಾವಿರದವರೆಗೆ ಏರಿಸಿದರು. ಏರಿಕೆಯು ನ್ಯಾಯವಾದುದೇ ಸರಿ. ಆದರೆ ಅದೇ ಆಜ್ಞೆಯಲ್ಲಿ ಕಾರ್ಯಭಾರವನ್ನು 15 ತಾಸಿಗೆ ಹೆಚ್ಚಿಸಿದ್ದರಿಂದ, ಇಬ್ಬರು ಮಾಡುತ್ತಿದ್ದ ಕೆಲಸಕ್ಕೆ ಒಬ್ಬನೇ ಸಾಕೆಂದಾಗಿ, ವರ್ಷಗಟ್ಟಲೆ ಕಲಿಸಿದ ಸಾವಿರಾರು ಜನರು ಹೊರಗೆ ಉಳಿಯಬೇಕಾಯಿತು. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಸಿದುಕೊಂಡಂತಾಯಿತೆಂದರೆ ಅತಿಶಯೋಕ್ತಿಯಾಗದು. 2023ರ ಕೊನೆಯಲ್ಲಿ ಅವರು ಮತ್ತೆ ಮುಷ್ಕರ ಹೂಡಿದಾಗ 5ರಿಂದ 8 ಸಾವಿರ ರೂಪಾಯಿಯ ಏರಿಕೆಯನ್ನೂ, ಅರವತ್ತು ವರ್ಷ ತುಂಬಿದವರಿಗೆ 5 ಲಕ್ಷದ ಇಡಿಗಂಟನ್ನೂ ಸಾರಲಾಯಿತು. ಅವರು ಕೇಳಿದ ಕಾಯಮಾತಿಯು ಮಾತ್ರ ದೊರೆಯಲಿಲ್ಲ.

ಈ 'ಹದಿನೈದು ತಾಸು' ದೊಡ್ಡ ಪಟ್ಟಣಗಳಲ್ಲಿ ಅಷ್ಟಾಗಿ ಬಾಧಿಸದು. ಅಲ್ಲಿ ಒಂದು ವಿಷಯಕ್ಕೆ ನಾಲ್ಕು ವರ್ಗಗಳಿರುತ್ತವೆ. ತಾಸುಗಳು ತಾವಾಗಿಯೇ ಕೂಡಿಬರುತ್ತವೆ. ಬ್ಯಾಡಗಿಯಂಥ ಊರಿನಲ್ಲಿ ಹಾಗಲ್ಲ. ಭೂಗೋಲವನ್ನೋ ಐಚ್ಛಿಕ ಕನ್ನಡವನ್ನೋ ಆರಿಸಿದ ವಿದ್ಯಾರ್ಥಿಗಳು ಹದಿನೈದಿಪ್ಪತ್ತು ಜನರಿದ್ದರೆ, ಆ ವಿಷಯಕ್ಕೆ ಬರುವ ತಾಸುಗಳು ಎಂಟೋ ಒಂಬತ್ತೋ ಆಗಿ ನಿಂತುಬಿಡುತ್ತವೆ. ಆಗ ನಡೆಯತಕ್ಕವು ಎರಡೇ. ಕಲಿಸುವವನನ್ನು ವಾರದ ಅರ್ಧ ಬೇರೆ ಊರಿಗೆ ನಿಯೋಜಿಸಬೇಕು. ಇಲ್ಲವೆ 'ಕಾರ್ಯಭಾರವಿಲ್ಲ'ವೆಂದು ಬರೆದು ವಿಷಯವನ್ನೇ ಕೈಬಿಡಬೇಕು. ಹೀಗೆ ವಿದ್ಯೆಯೊಂದು ಊರಿನಿಂದ ಹೊರಟುಹೋಗುವುದು ಯಾರ ದ್ವೇಷದಿಂದಲೂ ಅಲ್ಲ, ಕೂಡಿಸುವ ಲೆಕ್ಕದಲ್ಲಿ ಆರು ತಾಸು ಕಡಿಮೆ ಬಿದ್ದದ್ದರಿಂದ. ಇದರ ಮೇಲೆ 2021ರಲ್ಲಿ ನಾಲ್ಕು ವರ್ಷದ ಪದವಿಯ ಪದ್ಧತಿಯನ್ನು ತಂದು, 2024ರಲ್ಲಿ ಅದನ್ನು ತೆಗೆದು ಮೂರು ವರ್ಷದ್ದನ್ನೇ ಪುನಃ ತಂದದ್ದರಿಂದ, ಒಂದೇ ಕಾಲೇಜಿನಲ್ಲಿ ಹಿಂದಿನ ತಂಡಕ್ಕೊಂದು, ಮುಂದಿನ ತಂಡಕ್ಕೊಂದು ಲೆಕ್ಕ ಹಾಕುವ ಪ್ರಸಂಗವು ಪ್ರಾಚಾರ್ಯರಿಗೆ ಒದಗಿತು.

ತಾಸಿನಿಂದ ವಿದ್ಯೆಯನ್ನು ಅಳೆಯುವ ಈ ಸಂಪ್ರದಾಯಕ್ಕೆ ವಿನೋದಕರವಾದ ಇತಿಹಾಸವುಂಟು. ಅಮೇರಿಕದಲ್ಲಿ ಕಾರ್ನೆಗೀ ಪ್ರತಿಷ್ಠಾನದವರು ಕಾಲೇಜಿನ ಅಧ್ಯಾಪಕರಿಗೆ ನಿವೃತ್ತಿವೇತನ ಕೊಡಲು ಹೊರಟಾಗ, ಯಾವ ಸಂಸ್ಥೆಯನ್ನು ಕಾಲೇಜೆಂದು ಎಣಿಸಬೇಕೆಂಬ ಪ್ರಶ್ನೆಯು ಬಂದು, 1906ರಲ್ಲಿ ಪಾಠದ ತಾಸುಗಳ ಒಂದು ಮಾನವನ್ನು ಗೊತ್ತುಪಡಿಸಿದರು. ಇಂದಿನ 'ಕ್ರೆಡಿಟ್' ಪದ್ಧತಿಯ ಮೂಲವು ಅದೇ. ಮುಪ್ಪಿನಲ್ಲಿ ಶಿಕ್ಷಕನ ಕೈಹಿಡಿಯಲೆಂದು ಹುಟ್ಟಿದ ಅಳತೆಯು ಹಾವೇರಿ ಜಿಲ್ಲೆಗೆ ಬರುವಷ್ಟರಲ್ಲಿ ಶಿಕ್ಷಕನನ್ನು ಹೊರಗೆ ಹಾಕುವ ಅಳತೆಯಾಗಿದೆ.

ವಿದ್ಯಾರ್ಥಿಯ ಕಡೆಯಿಂದ ನೋಡೋಣ. ವರ್ಷಕ್ಕೆ 30 ವಾರವೆಂದರೆ ಒಂದು ಸೆಮಿಸ್ಟರಿಗೆ 15 ವಾರ. ಅತಿಥಿ ಉಪನ್ಯಾಸಕರ ಆಯ್ಕೆಯು ತರಗತಿಗಳು ಆರಂಭವಾದ ಮೇಲೆ ಮುಗಿಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಮೂರು ವಾರ ತಡವಾದರೆ ಐದರಲ್ಲೊಂದು ಪಾಲು ಹೋಯಿತು. ಐದು ವಾರವಾದರೆ ಮೂರರಲ್ಲೊಂದು. ಹುಡುಗನು ನೂರಕ್ಕೆ 75ರಷ್ಟು ಹಾಜರಿ ಕೊಡದಿದ್ದರೆ ಪರೀಕ್ಷೆಗೆ ಕೂಡ್ರುವಂತಿಲ್ಲ. ಕಲಿಸುವವನ ಖುರ್ಚಿಯು ಎಷ್ಟು ದಿನ ಬರಿದಾಗಿರಬಹುದೆಂಬುದಕ್ಕೆ ಅಂಥ ಮಿತಿಯಿಲ್ಲ. ಹಳ್ಳಿಯಿಂದ ಬರುವ ಹುಡುಗಿಯ ಪಾಡನ್ನು ಕೇಳುವುದೇ ಬೇಡ. 2023ರ ಜೂನಿನಿಂದ ಅವಳಿಗೆ ಬಸ್ಸಿನ ದರವಿಲ್ಲ, ಇದು ಉಪಕಾರವೇ. ಆದರೆ ಒಂಬತ್ತಕ್ಕೊಂದು, ಮೂರಕ್ಕೊಂದು ಎಂದು ತಾಸುಗಳನ್ನು ಚೆಲ್ಲಾಡಿ, ನಡುವೆ ಐದು ತಾಸು ಖಾಲಿ ಬಿಟ್ಟರೆ, ಆಕೆಯ ಮನೆಯವರು ಎಷ್ಟು ದಿವಸ ತಾಳಿಯಾರು?

ಕೆಲಸದ ಹಂಗಾಮುಗಳೂ ಉಂಟು. ಬ್ಯಾಡಗಿಯ ಮೆಣಸಿನಕಾಯಿಯ ಪೇಟೆಯು ಜನವರಿಯಿಂದ ಬೇಸಗೆಯವರೆಗೆ ತುಂಬಿ ತುಳುಕುತ್ತದೆ. ಸೋಮವಾರ ಮತ್ತು ಗುರುವಾರ ವ್ಯಾಪಾರದ ದಿನಗಳು. ಆ ದಿವಸ ಊರ ದಾರಿಗಳಲ್ಲಿ ಬಸ್ಸು ಮುಂದೆ ಸಾಗುವುದೇ ಕಷ್ಟ. ಹಂಗಾಮಿನಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೆಣ್ಣುಮಕ್ಕಳ ಕೈಗಳೇ ಬೇಕು; ಅವುಗಳಲ್ಲಿ ಪುಸ್ತಕ ಹಿಡಿಯುವ ಕೈಗಳೂ ಕೆಲವು ಇರುತ್ತವೆ. ರಾಣೆಬೆನ್ನೂರಿನ ಕಡೆ ಹತ್ತಿಯ ಸಂಕರ ಬೀಜದ ಹೊಲಗಳಲ್ಲಿ ಸಂಜೆ ಹೂವನ್ನು ಸಿದ್ಧಮಾಡಿಟ್ಟು ಮರುದಿನ ಮುಂಜಾನೆ ಪರಾಗವನ್ನು ಕೂಡಿಸಬೇಕಾಗುತ್ತದೆ. ಮುಂಜಾನೆಯ ತಾಸು ಅಲ್ಲಿ ಹೋಯಿತು. ಹುಡುಗರು ದುಡಿಯಬಾರದೆಂದು ಉಪದೇಶ ಮಾಡುವವರು ಮೊದಲು ಅವರ ಮನೆಯ ಅಡಿಗೆಯ ಪಾತ್ರೆಗಳಲ್ಲಿ ಇಣಿಕಿ ನೋಡಲಿ. ಬೆಂಗಳೂರಿನಲ್ಲಿ ಕುಳಿತು ಗೊತ್ತುಮಾಡಿದ ಪಂಚಾಂಗಕ್ಕೆ ಇದಾವುದೂ ಗೊತ್ತಿರಲಾರದು, ಊರಿನಲ್ಲಿದ್ದವರಿಗೆ ಗೊತ್ತಿದೆ.

ಹತ್ತಿರದಲ್ಲಿ ಒಂದು ವಿಶ್ವವಿದ್ಯಾಲಯವಿರಬೇಕೆಂಬುದಕ್ಕೆ ನಮಗೆ ಕಾಣುವ ಬಲವಾದ ಕಾರಣವು ಇದೇ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವ ಮೊದಲು ಈ ಭಾಗದ ಹುಡುಗರು ಕಾಲೇಜಿನ ಓದಿಗೆ ಪುಣೆಯವರೆಗೆ ಹೋಗಬೇಕಾಗುತ್ತಿತ್ತು. ಅಲ್ಲಿಂದ ಇಲ್ಲಿಯ ವರೆಗೆ ವಿದ್ಯೆಯು ಹೆಜ್ಜೆ ಹೆಜ್ಜೆಯಾಗಿ ಮನೆಯ ಸಮೀಪಕ್ಕೆ ಬಂದಿದೆ. ಹಾವೇರಿಯ ಗುದ್ಲೆಪ್ಪ ಹಳ್ಳಿಕೇರಿ ಕಾಲೇಜನ್ನು ನಡೆಯಿಸುವ ಕೆ.ಎಲ್.ಇ. ಸಂಸ್ಥೆಯನ್ನು 1916ರಲ್ಲಿ ಕಟ್ಟಿದವರು ಏಳು ಜನ ಶಿಕ್ಷಕರೆಂಬುದನ್ನು ಮರೆಯಬಾರದು. ಅವರ ಕೈಯಲ್ಲಿ ಮೊದಲಿದ್ದದ್ದು ಕಲಿಸುವ ಮನುಷ್ಯರು, ಕಟ್ಟಡವು ಆಮೇಲೆ ಬಂತು. 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯವು ಆರಂಭವಾಗಿ ಜಿಲ್ಲೆಯ ಕಾಲೇಜುಗಳು ಅದಕ್ಕೆ ಸೇರಿದವು. 2025ರಲ್ಲಿ ಮಂತ್ರಿಮಂಡಲದ ಉಪಸಮಿತಿಯು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದೆಂದು ಸೂಚಿಸಿದಾಗ ಹಾವೇರಿಯ ಹೆಸರೂ ಅದರಲ್ಲಿತ್ತು. ಹಣವಿಲ್ಲ, ಅಧ್ಯಾಪಕರಿಲ್ಲವೆಂಬುದೇ ಕಾರಣ. ಕೊಡದೆ ಇಟ್ಟು, ಇಲ್ಲವೆಂಬ ಕಾರಣದಿಂದಲೇ ಮುಚ್ಚುವುದು ವಿಚಿತ್ರವಾದ ತರ್ಕವು. ಆದರೆ ವಿಶ್ವವಿದ್ಯಾಲಯವು ಬೇಕೆನ್ನುವ ನಾವೂ ಅದು ಫಲಕವನ್ನು ಬದಲಿಸಿದ್ದರ ಹೊರತು ಬೇರೇನನ್ನು ಮಾಡಬಲ್ಲದೆಂಬುದನ್ನು ತೋರಿಸಬೇಕಲ್ಲವೆ?

ಮಾಡಬಹುದಾದದ್ದು ಇದೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ-ಬೆಂಗಳೂರು ರೇಲ್ವೆಯ ಒಂದೇ ಹಳಿಯ ಮೇಲೆ, ನಾಲ್ವತ್ತು ಕಿಲೋಮೀಟರಿನ ಒಳಗೆ ಇವೆ. ಬ್ಯಾಡಗಿಯಲ್ಲಿ ಎಂಟು ತಾಸು, ರಾಣೆಬೆನ್ನೂರಿನಲ್ಲಿ ಏಳು ತಾಸು ಇರುವ ವಿಷಯಕ್ಕೆ ಒಬ್ಬ ಪೂರ್ಣ ಉಪನ್ಯಾಸಕನನ್ನು ತರಗತಿಯ ಮೊದಲ ದಿನಕ್ಕೇ ನೇಮಿಸಲಿ. ಪೇಟೆಯ ದಿನಗಳಾದ ಸೋಮವಾರ, ಗುರುವಾರಗಳಲ್ಲಿ ಅವನು ರಾಣೆಬೆನ್ನೂರಿನಲ್ಲಿರಲಿ. ಮಂಗಳವಾರ, ಬುಧವಾರ, ಶುಕ್ರವಾರ ಬ್ಯಾಡಗಿಯಲ್ಲಿರಲಿ. ಒಂದು ದಿವಸಕ್ಕೆ ಒಂದೇ ಊರು. ಮುಂಜಾನೆ ಇಲ್ಲಿ, ಮಧ್ಯಾಹ್ನ ಅಲ್ಲಿ ಎಂಬ ಓಡಾಟ ಬೇಡ. ದಾರಿಯ ಖರ್ಚು ಅವನ ಗೌರವಧನದಿಂದ ಹೋಗಕೂಡದು. ಆಗ ವಿಷಯವೂ ಉಳಿಯುವುದು, ಮನುಷ್ಯನೂ ಉಳಿಯುವನು, ಹದಿನೈದರ ಲೆಕ್ಕವೂ ಕೂಡುವುದು.

ಇದೆಲ್ಲ ಕಾಯಂ ನೇಮಣೂಕಿಗೆ ಬದಲಾಗಲಾರದೆಂದು ಕೆಲವರು ಹೇಳುವರು. ಅದು ನಿಜ, ಆ ಬೇಡಿಕೆಯನ್ನು ನಾವು ಬಿಟ್ಟಿಲ್ಲ. ಇನ್ನು ಕೆಲವರು ಅಧಿಕಾರದ ಪ್ರಶ್ನೆ ತೆಗೆಯುವರು: ಆಯ್ಕೆಯು ಇಲಾಖೆಯದು, ಪಂಚಾಂಗವು ವಿಶ್ವವಿದ್ಯಾಲಯದ್ದು, ವೇಳಾಪತ್ರಿಕೆಯು ಪ್ರಾಚಾರ್ಯರದು, ಕೂಡಿಸುವವರು ಯಾರು? ಕುಲಪತಿಗಳು ಕರೆದರೆ ಮೂರು ಊರುಗಳ ಪ್ರಾಚಾರ್ಯರು ಒಂದು ದಿವಸ ಕೇರಿಮತ್ತಿಹಳ್ಳಿಯ ವಿಶ್ವವಿದ್ಯಾಲಯದಲ್ಲಿ ಬಂದು ಕೂಡ್ರುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ಪರೀಕ್ಷೆಗಳು ಮುಗಿದು ರಜೆಯು ಆರಂಭವಾಗುವ ಮೊದಲು ಆ ಸಭೆಯು ಜರುಗಿದರೆ, ಯಾವ ವಿಷಯಕ್ಕೆ ಎಷ್ಟು ತಾಸು, ಎಷ್ಟು ಜನರು ಬೇಕೆಂಬ ಪಟ್ಟಿಯು ತರಗತಿಗಳು ತೆರೆಯುವುದಕ್ಕೆ ಆರು ವಾರ ಮುಂಚಿತವಾಗಿ ಇಲಾಖೆಯವರ ಮೇಜಿನ ಮೇಲೆ ಇರುವುದು. ಆ ಮೇಲೆ ತಡವಾದರೆ ಯಾರ ಮೇಜಿನಲ್ಲಿ ತಡವಾಯಿತೆಂದು ನಾವು ಇದೇ ಪುಟದಲ್ಲಿ ಕೇಳುವೆವು.