ಉರಿಮೂತ್ರ: ನೋವು ಹೋದರೆ ರೋಗ ಹೋದಂತೆಯೇ?

ಎರ್ಮಾಳಿನ ಸೋದರಿಯೊಬ್ಬರು ಬರೆದಿದ್ದಾರೆ: "ಜಾತ್ರೆಗೆ ನೆಂಟರು ಬಂದಿದ್ದರು. ಎರಡು ದಿನ ನೀರು ಕುಡಿಯಲೂ ಪುರುಸೊತ್ತಿರಲಿಲ್ಲ. ಮೂರನೇ ದಿನ ಉರಿಮೂತ್ರ, ಕೆಳಹೊಟ್ಟೆಯಲ್ಲಿ ಹಿಂಡಿದಂಥ ನೋವು, ಗಳಿಗೆಗೊಮ್ಮೆ ಅವಸರ. ನಾದಿನಿಗೆ ಡಾಕ್ಟರು ಹಿಂದೆ ಕೊಟ್ಟಿದ್ದ ಫ್ಲಾವೋಕ್ಸೇಟ್ ಮಾತ್ರೆ ಉಳಿದಿತ್ತು. ತಗೊಂಡೆ, ನೋವು ಇಳಿಯಿತು. ಇನ್ನೂ ಡಾಕ್ಟರ ಹತ್ತಿರ ಹೋಗಬೇಕೇ? ಹೇಳಿಕೊಳ್ಳಲು ನಾಚಿಕೆ."

ಹೋಗಲೇಬೇಕು, ಸೋದರಿ. ಮೂತ್ರಕೋಶವೆಂದರೆ ಸ್ನಾಯುವಿನ ಚೀಲ. ಸೋಂಕು ತಗಲಿ ಒಳಪದರ ಕೆರಳಿದಾಗ, ಸ್ವಲ್ಪ ಮೂತ್ರ ತುಂಬಿದರೂ ಅದು ಹಿಂಡಿಕೊಳ್ಳುತ್ತದೆ. ನೀವು ನುಂಗಿದ ಮಾತ್ರೆ ಆ ಸೆಡೆತವನ್ನು ಸಡಿಲಿಸುತ್ತದೆ, ಅಷ್ಟೆ. ರೋಗಾಣುವನ್ನು ಕೊಲ್ಲುವುದಿಲ್ಲ. ಅನ್ನ ಸೀದ ವಾಸನೆ ಬಂತೆಂದು ಕಿಟಕಿ ತೆರೆದರೆ ವಾಸನೆ ಹೋದೀತು, ಒಲೆ ಆರೀತೇ?

ನಮ್ಮಲ್ಲಿ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್, ಗಂಡಸರಲ್ಲಿ ಸುಮಾರು 20. ಆದ್ದರಿಂದಲೇ ಸೋಂಕು ನಮಗೆ ಬೇಗ ಹತ್ತುತ್ತದೆ. ಅಲಕ್ಷ್ಯ ಮಾಡಿದರೆ ಮೂತ್ರಪಿಂಡಕ್ಕೂ ಏರಬಹುದು. ಚಳಿಜ್ವರ, ಪಕ್ಕೆನೋವು, ವಾಂತಿ, ಮೂತ್ರದಲ್ಲಿ ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬಸುರಿಯರಂತೂ ಉರಿ ಶುರುವಾದ ಕೂಡಲೇ ತೋರಿಸಬೇಕು.

ಪರೀಕ್ಷೆಗೆ ಮೊದಲಿನ ಸ್ವಲ್ಪ ಮೂತ್ರ ಬಿಟ್ಟು, ನಡುವಿನದನ್ನು ಲ್ಯಾಬಿನವರು ಕೊಟ್ಟ ಶುದ್ಧ ಬಾಟಲಿಯಲ್ಲಿ ಹಿಡಿಯಿರಿ. ಕಲ್ಚರ್ ಪರೀಕ್ಷೆ ಬೇಕೆಂದರೆ, ಆಂಟಿಬಯಾಟಿಕ್ ಶುರುಮಾಡುವ ಮೊದಲೇ ಮೂತ್ರ ಕೊಡುವುದು ಒಳ್ಳೆಯದು. ಆಂಟಿಬಯಾಟಿಕ್ ಕೊಟ್ಟರೆ ಹೇಳಿದಷ್ಟು ದಿನ ಪೂರ್ತಿ ನುಂಗಿ. ಎರಡೇ ದಿನಕ್ಕೆ ಹಾಯೆನಿಸಿತೆಂದು ಉಳಿದದ್ದನ್ನು ಡಬ್ಬಿಯಲ್ಲಿ ಎತ್ತಿಡಬೇಡಿ.

ಸೆಡೆತದ ಮಾತ್ರೆಯನ್ನೂ ಡಾಕ್ಟರು ಜೊತೆಗೆ ಬರೆದುಕೊಡಬಹುದು. ಅದರಿಂದ ಬಾಯಿ ಒಣಗೀತು, ತೂಕಡಿಕೆ ಬಂದೀತು, ಕಣ್ಣು ಮಂಜಾದೀತು. ಹಾಗಾದರೆ ಸ್ಕೂಟರ್ ಓಡಿಸಬೇಡಿ, ಬಾವಿಕಟ್ಟೆಯಲ್ಲಿ ನಿಂತು ನೀರು ಸೇದಬೇಡಿ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದ್ದವರು, ಮೂತ್ರ ಕಟ್ಟುವ ತೊಂದರೆ ಇದ್ದವರು ಮೊದಲೇ ತಿಳಿಸಬೇಕು. ನಾದಿನಿಗೆ ಹಿಡಿಸಿದ್ದು ನಿಮಗೆ ಹಿಡಿಸಬೇಕೆಂದಿಲ್ಲ.

ಬೊಂಡ, ಬಾರ್ಲಿ ನೀರು, ಕೊತ್ತಂಬರಿ ಕಷಾಯ ಕುಡಿಯಬಾರದೇ? ಧಾರಾಳವಾಗಿ ಕುಡಿಯಿರಿ. ನೀರು ಹೆಚ್ಚು ಒಳಹೋದಷ್ಟೂ ಮೂತ್ರಕೋಶ ತೊಳೆದಂತಾಗುತ್ತದೆ. ಆದರೆ ಇವು ಔಷಧಿಗೆ ಜೊತೆ, ಔಷಧಿಗೆ ಬದಲು ಅಲ್ಲ. ಮೂತ್ರಪಿಂಡ, ಹೃದಯದ ಕಾಯಿಲೆ ಇದ್ದವರು ಎಷ್ಟು ನೀರು ಕುಡಿಯಬೇಕೆಂದು ಡಾಕ್ಟರನ್ನೇ ಕೇಳಿ. ಜಾತ್ರೆಯಾಗಲಿ, ಬಸ್ಸಾಗಲಿ, ಮೂತ್ರ ತಡೆದು ಕೂರುವ ಅಭ್ಯಾಸ ಬಿಡಿ.

ಇನ್ನು ನಾಚಿಕೆಯ ಮಾತು. ಜ್ವರ ಬಂದರೆ ಹೇಳುತ್ತೇವೆ, ಹಲ್ಲುನೋವು ಬಂದರೆ ಹೇಳುತ್ತೇವೆ. ಇದೂ ಹಾಗೆಯೇ. ಆಸ್ಪತ್ರೆಯಲ್ಲಿ ಇದು ದಿನಾ ಕೇಳುವ ಮಾತು. ಒಬ್ಬರೇ ಹೋಗಲು ಅಂಜಿಕೆಯಾದರೆ ನಾದಿನಿಯನ್ನೇ ಜೊತೆಗೆ ಕರೆದುಕೊಂಡು ಹೋಗಿ. ಅವರ ಮಾತ್ರೆಗಿಂತ ಅವರ ಜೊತೆಯೇ ನಿಮಗೆ ಹೆಚ್ಚು ಉಪಕಾರ.