ಮನೋರೋಗಿಯ ಮನೆಯವರಿಗೆ ದಿಕ್ಕು ಯಾರು?

ಕಳೆದ ವಾರ ನಮ್ಮ ಕಚೇರಿಗೆ ಕೂಲಿಕಾರ ಹೆಂಗಸೊಬ್ಬರು ಬಂದಿದ್ದರು. ಪಡಿತರ ಚೀಟಿಯ ಅರ್ಜಿ ಬರೆಸಲು ಬಂದಿರಬೇಕೆಂದು ನಾವು ಭಾವಿಸಿದೆವು. ಅವರು ಹೇಳಿಕೊಂಡ ಸಂಕಟವೇ ಬೇರೆ. ಪ್ರಾಯದ ಮಗ ಎರಡು ವರ್ಷಗಳಿಂದ ತನ್ನಷ್ಟಕ್ಕೆ ತಾನೇ ಮಾತನಾಡಿಕೊಳ್ಳುತ್ತಾನೆ, ರಾತ್ರಿ ನಿದ್ದೆಯಿಲ್ಲ, ಅನ್ನದಲ್ಲಿ ಯಾರೋ ವಿಷ ಬೆರೆಸಿದ್ದಾರೆಂದು ತಟ್ಟೆ ದೂಡುತ್ತಾನೆ. ಸರಕಾರಿ ಆಸ್ಪತ್ರೆಯ ಮಾತ್ರೆ ನುಂಗಿದ ಆರು ತಿಂಗಳು ಸರಿಹೋಗಿ ಹೊಲದ ಕೆಲಸಕ್ಕೂ ಹೋಗುತ್ತಿದ್ದ. ಆಮೇಲೆ ಮಾತ್ರೆ ಮುಗಿದಿದೆ, ಮುಂದಿನ ವಾರ ಬನ್ನಿ ಎಂದರು. ಮುಂದಿನ ವಾರವೂ ಅದೇ ಮಾತು. “ಅವನನ್ನು ಬಿಟ್ಟು ಕೂಲಿಗೆ ಹೋಗುವ ಹಾಗಿಲ್ಲ, ಕೂಲಿಗೆ ಹೋಗದೆ ಅವನಿಗೆ ಅನ್ನ ಹಾಕುವ ಹಾಗಿಲ್ಲ. ನಾನೇನು ಮಾಡಲಿ, ಸ್ವಾಮಿ?” ಎಂದು ಕೇಳಿದರು.

ಆ ತಾಯಿ ಕೇಳಿದ ಪ್ರಶ್ನೆ ಒಂದು ಮನೆಯದಲ್ಲ. 2015-16ರಲ್ಲಿ ನಿಮ್ಹಾನ್ಸ್ ಸಂಸ್ಥೆ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಬಗೆಯ ಮಾನಸಿಕ ತೊಂದರೆಗೆ ಗುರಿಯಾಗಿದ್ದರು. ಕಾಯಿಲೆಯಿಂದ ಕಾಯಿಲೆಗೆ ಲೆಕ್ಕ ಬೇರೆಯಾದರೂ, ಚಿಕಿತ್ಸೆಯನ್ನೇ ಕಾಣದವರು ಶೇಕಡ 70ರಿಂದ 92ರ ವರೆಗೆ ಇದ್ದರು. ಹಾಗಾದರೆ ಇವರನ್ನೆಲ್ಲ ನೋಡಿಕೊಳ್ಳುತ್ತಿರುವವರು ಯಾರು? ತಾಯಿ, ಹೆಂಡತಿ, ಅಕ್ಕ. ಅವರ ದುಡಿಮೆಗೆ ಹಾಜರಿ ಪುಸ್ತಕವಿಲ್ಲ, ಕೂಲಿಯಿಲ್ಲ, ರಜೆಯಿಲ್ಲ. ಸರಕಾರ ಕಟ್ಟದ ಆಸ್ಪತ್ರೆಯನ್ನು ಬಡವರ ಮನೆಯ ಹೆಂಗಸರು ತಮ್ಮ ಅಡಿಗೆಯ ಕೋಣೆಯಲ್ಲಿ ನಡೆಸುತ್ತಿದ್ದಾರೆ.

ಈ ಹೊರೆ ಹೊರಲಾರದಾದಾಗ ಏನಾಗುತ್ತದೆಂಬುದನ್ನು ದೇಶ ಕಂಡಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿಕೊಂಡಿದ್ದ ಗುಡಿಸಲಿಗೆ ಬೆಂಕಿ ಬಿದ್ದು 28 ಮಂದಿ ಸತ್ತರು. ಕಾಲಿಗೆ ಸರಪಳಿ ಬಿಗಿದಿದ್ದರಿಂದ ಅವರು ಓಡಿಹೋಗಲಾರದಾದರು. ಅಂಥ ಜಾಗದಲ್ಲಿ ರೋಗಿಗಳನ್ನು ಬಿಟ್ಟುಬಂದ ಮನೆಯವರನ್ನು ಮೂಢರೆಂದು ಜರೆಯುವುದು ಸುಲಭ. ಅವರ ಹತ್ತಿರದಲ್ಲಿ ಇನ್ನಾವ ಬಾಗಿಲು ತೆರೆದಿತ್ತೆಂದು ಕೇಳುವುದು ಕಷ್ಟ.

ದಾರಿ ಗೊತ್ತಿಲ್ಲವೆಂದು ಸರಕಾರ ಹೇಳುವಂತಿಲ್ಲ. ದಾರಿ ತೋರಿಸಿದ್ದು ನಮ್ಮ ರಾಜ್ಯವೇ. 1985ರಿಂದ 1990ರ ವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸಿನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಔಷಧ ಒದಗಿಸಿ, ಮನೋರೋಗಕ್ಕೆ ಊರ ಹತ್ತಿರವೇ ಚಿಕಿತ್ಸೆ ಕೊಡಬಹುದೆಂದು ತೋರಿಸಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಈ ಬಳ್ಳಾರಿಯ ಮಾದರಿಯದೇ. ಶಾಂತವೇರಿ ಗೋಪಾಲಗೌಡರು ವಿಧಾನಸಭೆಯಲ್ಲಿ ಪ್ರತಿನಿಧಿಸಿದ್ದ ತೀರ್ಥಹಳ್ಳಿ ತಾಲೂಕಿನಲ್ಲಿ 2005ರಿಂದ ಸ್ಕಿಜೋಫ್ರೀನಿಯ ಕಾಯಿಲೆಯವರನ್ನು ಹಳ್ಳಿಹಳ್ಳಿಯಲ್ಲಿ ಹುಡುಕಿ ಚಿಕಿತ್ಸೆಗೆ ತಂದ ಕೆಲಸವೂ ನಡೆದಿದೆ. ಔಷಧ ತಪ್ಪದೆ ಪಡೆದವರು ಮೊದಲಿಗಿಂತ ಎಷ್ಟೋ ಮಟ್ಟಿಗೆ ತಮ್ಮ ಕೆಲಸಕಾರ್ಯ ತಾವೇ ಮಾಡಿಕೊಳ್ಳುವಂತಾದರು.

ಎಲ್ಲ ತೊಂದರೆಗೂ ಮಾತ್ರೆಯೇ ಮದ್ದಲ್ಲ. ಮನಸ್ಸು ಕುಗ್ಗಿ ಬಾಳೇ ಬೇಡವೆನ್ನಿಸಿದವರಿಗೆ ಕ್ರಮವಾಗಿ ಕೂಡಿಸಿ ಮಾತನಾಡಿಸುವವರು ಬೇಕು. ಇದನ್ನೇ ಆಪ್ತಸಮಾಲೋಚನೆ ಎನ್ನುತ್ತಾರೆ. ಇದು ದೊಡ್ಡ ಪದವೀಧರರ ಸೊತ್ತಲ್ಲ. ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಈ ಕೆಲಸಕ್ಕೆ ಹಚ್ಚಿದಾಗ ತೀವ್ರ ಖಿನ್ನತೆಯವರು ಹೆಚ್ಚಿನ ಸಂಖ್ಯೆಯಲ್ಲಿ ಚೇತರಿಸಿಕೊಂಡದ್ದು 2017ರಲ್ಲಿ ಪ್ರಕಟವಾಗಿದೆ. “ಧೈರ್ಯ ತಂದುಕೋ” ಎಂದು ಬೆನ್ನು ತಟ್ಟಿ ಕಳಿಸುವುದು ಸಮಾಲೋಚನೆಯಲ್ಲ. ಮದುವೆ ಮಾಡಿದರೆ ಸರಿಹೋದೀತೆಂದು ಇನ್ನೊಬ್ಬರ ಮನೆಯ ಹೆಣ್ಣುಮಗಳನ್ನು ಈ ಕಷ್ಟಕ್ಕೆ ದೂಡುವುದು ಚಿಕಿತ್ಸೆಯಂತೂ ಅಲ್ಲವೇ ಅಲ್ಲ.

ಕಾನೂನೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರಲ್ಲಿ ಜಾರಿಗೆ ಬಂದಿತು. ಅದರ 18ನೆಯ ಕಲಮು ಚಿಕಿತ್ಸೆಯನ್ನು ಹಕ್ಕೆಂದು ಸಾರಿದೆ. ಅವಶ್ಯಕ ಔಷಧಗಳ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕು. ರೋಗಿಯ ಮನೆಯವರಿಗೂ ನೆರವಿನ ಸೇವೆ ಇರಬೇಕು. ಕಾಯಿದೆ ವಿಧಿಸಿದ ಕನಿಷ್ಠ ಸೇವೆ ಜಿಲ್ಲೆಯಲ್ಲಿ ಇಲ್ಲವಾದರೆ ಅದೇ ಜಿಲ್ಲೆಯ ಬೇರೆ ಕಡೆ ಪಡೆದ ಚಿಕಿತ್ಸೆಯ ವೆಚ್ಚವನ್ನು ಸರಕಾರವೇ ಹೊರಬೇಕು. ಸರಪಳಿ ಹಾಕುವುದನ್ನು 95ನೆಯ ಕಲಮು ನಿಷೇಧಿಸಿದೆ. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರನ್ನು ತೀವ್ರ ಒತ್ತಡಕ್ಕೆ ಸಿಕ್ಕವರೆಂದು ತಿಳಿದು ಆರೈಕೆ ಮಾಡುವುದು ಸರಕಾರದ ಕರ್ತವ್ಯವೆಂದು 115ನೆಯ ಕಲಮು ಹೇಳಿದೆ. ಅಂದಮೇಲೆ “ಮಾತ್ರೆ ಇಲ್ಲ, ಮುಂದಿನ ವಾರ ಬನ್ನಿ” ಎಂಬುದು ಬರಿಯ ಅನಾನುಕೂಲವಲ್ಲ, ಕಾನೂನಿನ ಉಲ್ಲಂಘನೆ. ಆ ತಾಯಿ ಬೇಡಲು ಬಂದವರಲ್ಲ, ತಮಗೆ ಸಲ್ಲಬೇಕಾದ ಬಾಕಿ ಕೇಳಲು ಬಂದವರು.

ಇಲ್ಲಿ ನಮ್ಮವರೊಡನೆಯೂ ಒಂದು ಮಾತು ಆಡಬೇಕಾಗಿದೆ. ಸಾಲ, ನಿರುದ್ಯೋಗ, ಜಾತಿಯ ಅವಮಾನ, ಗಂಡನ ಹೊಡೆತ ಇವು ಮನಸ್ಸನ್ನು ಮುರಿಯುತ್ತವೆ. ಸಮಾಜ ಬದಲಾದರೆ ಮನಸ್ಸು ನೆಟ್ಟಗಾಗುತ್ತದೆ. ಸಮಾಲೋಚನೆ ಎಂಬುದು ಪಟ್ಟಣದ ಉಳ್ಳವರ ಸೋಗು ಎಂದು ಕೆಲವು ಸಂಗಾತಿಗಳು ವಾದಿಸುತ್ತಾರೆ. ಮೊದಲ ಮಾತು ನಿಜ. ಸಾಲಗಾರನ ಕಾಟವನ್ನು ಯಾವ ಮಾತ್ರೆಯೂ ತೀರಿಸದು. ಆದರೆ ಕೊನೆಯ ಮಾತನ್ನು ನಾವು ಒಪ್ಪಲಾರೆವು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯಂತೆ ನಾವು ಕುಳಿತರೆ, ಸಮಾಜ ಬದಲಾಗುವ ವೇಳೆಗೆ ಆ ಹುಡುಗ ಬದುಕಿರುವುದಿಲ್ಲ. ಕ್ಷಯರೋಗ ಬಡತನದಿಂದ ಬರುತ್ತದೆಂದು ನಾವು ಕ್ಷಯದ ಔಷಧ ಬೇಡವೆನ್ನುತ್ತೇವೆಯೇ? ಉಳ್ಳವರಿಗೆ ದೊರೆಯುವುದು ಇಲ್ಲದವರಿಗೂ ದೊರೆಯಬೇಕೆಂಬುದೇ ಸಮಾಜವಾದವಲ್ಲವೆ?

ರೈತನೊಬ್ಬ ಆತ್ಮಹತ್ಯೆ ಮಾಡಿಕೊಂಡಾಗ ನಾವು ಮೆರವಣಿಗೆ ಮಾಡುತ್ತೇವೆ, ಪರಿಹಾರಕ್ಕಾಗಿ ಒತ್ತಾಯಿಸುತ್ತೇವೆ, ಅದು ಸರಿಯೇ. ಮೂರು ತಿಂಗಳ ಮೇಲೆ ಆ ಮನೆಯ ಹೆಂಗಸು ಊಟ ಮಾಡುತ್ತಿದ್ದಾಳೆಯೇ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂದು ವಿಚಾರಿಸಲು ನಮ್ಮಲ್ಲಿ ಎಷ್ಟು ಮಂದಿ ಹೋಗಿದ್ದೇವೆ? ಈ ತಪ್ಪನ್ನು ನಾವು ಒಪ್ಪಿಕೊಳ್ಳಬೇಕು.

ಸರಕಾರದ ಮುಂದೆ ನಾವಿಡುವ ಬೇಡಿಕೆಗಳು ದೊಡ್ಡವಲ್ಲ. ತಾಲೂಕು ಆಸ್ಪತ್ರೆಯಲ್ಲಿ ಮನೋರೋಗದ ಮಾತ್ರೆಗಳ ದಾಸ್ತಾನು ಮೂರು ತಿಂಗಳಿಗೆ ಸಾಲುವಷ್ಟು ಇರಲಿ. ಇದೆಯೋ ಇಲ್ಲವೋ ಎಂದು ಬಾಗಿಲ ಬಳಿಯ ಹಲಗೆಯ ಮೇಲೆ ಬರೆಯಲಿ. ಆಪ್ತಸಮಾಲೋಚಕರನ್ನು ತಾಲೂಕಿಗೊಬ್ಬರಂತೆ ಖಾಯಂ ಆಗಿ ನೇಮಿಸಲಿ. ಆಶಾ ಕಾರ್ಯಕರ್ತೆಯರಿಗೆ ಈ ಕೆಲಸ ವಹಿಸುವುದಾದರೆ ಅದಕ್ಕೆ ತಕ್ಕ ಸಂಬಳವನ್ನೂ ಕೊಡಲಿ. 2023ರಿಂದ ಸರಕಾರಿ ಬಸ್ಸಿನಲ್ಲಿ ತಾಯಿಗೆ ಟಿಕೀಟಿಲ್ಲ. ಆದರೆ ಮಗನಿಗೆ ಉಂಟು, ತಪ್ಪಿದ ದಿನಗೂಲಿಯ ನಷ್ಟವೂ ಉಂಟು. ಹೆಚ್ಚಿನ ಆಸರೆ ಬೇಕಾದ ಅಂಗವಿಕಲರಿಗೆ ಆರೈಕೆಯವರ ಭತ್ಯೆ ಕೊಡಬೇಕೆಂದು 2016ರ ಕಾಯಿದೆ ಹೇಳುತ್ತದೆ. ಮನೋರೋಗವೂ ಆ ಕಾಯಿದೆಯ ಪಟ್ಟಿಯಲ್ಲಿದೆ. ಆ ಭತ್ಯೆ ಇಂಥ ಮನೆಗಳಿಗೆ ತಲುಪಲಿ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ಸೇವೆಯಲ್ಲಿ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲಿ ಮಾತನಾಡಿಸುತ್ತಾರೆ. ಈ ಅಂಕಿಯನ್ನು ಓದುಗರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲಿ, ನೆರೆಹೊರೆಗೆ ತಿಳಿಸಲಿ. ಆದರೆ ಫೋನಿನಲ್ಲಿ ಬಂದ ಸಾಂತ್ವನ ಮುಗಿದುಹೋದ ಮಾತ್ರೆಯ ಬದಲಿಗೆ ನಿಲ್ಲಲಾರದು.

ಆ ತಾಯಿಯ ಅರ್ಜಿಯನ್ನು ನಾವು ಬರೆದುಕೊಟ್ಟಿದ್ದೇವೆ. 18ನೆಯ ಕಲಮನ್ನು ಅದರಲ್ಲಿ ಕಾಣಿಸಿದ್ದೇವೆ. ಇಂಥ ಅರ್ಜಿ ಬರೆಸಬೇಕಾದವರು ಈ ಜಿಲ್ಲೆಯಲ್ಲಿ ಇನ್ನೂ ಅನೇಕರಿದ್ದಾರೆ. ನಾಚಿಕೆಯಿಂದ ಬಾಗಿಲು ಮುಚ್ಚಿಕೊಂಡು ಕೂರಬೇಡಿ, ಬನ್ನಿ ಎಂದು ನಾವು ಅವರನ್ನು ಕರೆಯುತ್ತೇವೆ. ನಾಚಿಕೆಪಡಬೇಕಾದವರು ರೋಗಿಯ ಮನೆಯವರಲ್ಲ. ಕಾಯಿದೆ ಮಾಡಿ ಮಾತ್ರೆ ಕಳಿಸದವರು.