ಗಿಡ ನೆಡುವ ಮುನ್ನ ಮಣ್ಣಿನ ಪರೀಕ್ಷೆ

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಎಂದೊಡನೆ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ ನೆನಪಾಗುವುದು ಸಹಜ. ಭೂವಿಜ್ಞಾನಿಗಳಿಗೆ ಅದು ಒಂದು ಶಿಲಾಪಟ್ಟಿಯ ಹೆಸರೂ ಹೌದು. 300 ಕೋಟಿ ವರ್ಷಗಳಿಗೂ ಹಳೆಯದಾದ ಈ ಪಟ್ಟಿಯಲ್ಲಿರುವ ಬೈರಾಪುರ, ಜಂಬೂರು, ತಗಡೂರುಗಳ ಕ್ರೋಮೈಟ್ ಗಣಿಗಳು ಬಹುಕಾಲ ದೇಶದ ಉಕ್ಕು ಉದ್ಯಮಕ್ಕೆ ಅದಿರನ್ನು ಒದಗಿಸಿದವು. ಅದಿರು ಲಾರಿ ಏರಿ ಹೋಯಿತು. ಅದಿರಿನೊಡನೆ ಅಗೆದು ತೆಗೆದ ನಿರುಪಯುಕ್ತ ಕಲ್ಲುಮಣ್ಣು ಮಾತ್ರ ದಿಬ್ಬಗಳಾಗಿ ಅಲ್ಲಿಯೇ ಉಳಿಯಿತು. ಸುತ್ತಲೂ ರಾಗಿ ಹೊಲ, ತೆಂಗಿನ ತೋಟ, ದನ ಮೇಯುವ ಗೋಮಾಳ.

2020ರ ಜನವರಿ 8ರಂದು ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆ ಮುಗಿದ ನೆಲದಲ್ಲಿ ಗುತ್ತಿಗೆದಾರರು ಮತ್ತೆ ಹುಲ್ಲು ಬೆಳೆಸಬೇಕು, ಮೇವು ಹಾಗೂ ಸಸ್ಯ-ಪ್ರಾಣಿಗಳಿಗೆ ಯೋಗ್ಯವಾಗುವಂತೆ ಅದನ್ನು ಸರಿಪಡಿಸಬೇಕು ಎಂದು ಆದೇಶಿಸಿತು. ಆದೇಶ ಸ್ವಾಗತಾರ್ಹವೇ. ಆದರೆ ಕಬ್ಬಿಣದ ಗಣಿಗೆ ಒಪ್ಪುವ ಕ್ರಮ ಕ್ರೋಮೈಟ್ ಗಣಿಗೆ ಒಪ್ಪಬೇಕೆಂದಿಲ್ಲ. ಇಲ್ಲಿ ಹುಲ್ಲು ಚಿಗುರಿದರೆ ಸಾಲದು. ಆ ಹುಲ್ಲನ್ನು ತಿನ್ನುವ ಹಸುವಿನ ಹೊಟ್ಟೆಗೆ ಏನು ಸೇರುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಈ ಬಗೆಯ ಶಿಲೆಗಳಿಂದ ಹುಟ್ಟುವ ಮಣ್ಣಿನ ಸ್ವಭಾವವೇ ಬೇರೆ. ಸಾಮಾನ್ಯ ಫಲವತ್ತಾದ ಮಣ್ಣಿನಲ್ಲಿ ಸುಣ್ಣದ ಅಂಶವಾದ ಕ್ಯಾಲ್ಸಿಯಂ ಹೆಚ್ಚಿದ್ದು ಮೆಗ್ನೀಸಿಯಂ ಕಡಿಮೆ ಇರುತ್ತದೆ. ಇಲ್ಲಿ ಅದು ತಲೆಕೆಳಗು. ರಂಜಕ, ಪೊಟ್ಯಾಷ್ ಕಡಿಮೆ. ನಿಕ್ಕಲ್, ಕ್ರೋಮಿಯಂ ಹೆಚ್ಚು. ನುಗ್ಗೇಹಳ್ಳಿ ಗಣಿ ಪ್ರದೇಶದ ಮಣ್ಣಿನಲ್ಲಿ ಈ ಲೋಹಗಳು ಅಧಿಕವಾಗಿರುವುದನ್ನು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ದಾಖಲಿಸಿದ್ದಾರೆ. ರೈತರ ಕೈಯಲ್ಲಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ ಇದಾವುದೂ ಕಾಣದು. 2015ರಲ್ಲಿ ಆರಂಭವಾದ ಆ ಯೋಜನೆಯಡಿ ಪರೀಕ್ಷಿಸುವ 12 ಅಂಶಗಳಲ್ಲಿ ಸತು, ಬೋರಾನ್ ಇವೆ. ಕ್ರೋಮಿಯಂ, ನಿಕ್ಕಲ್ ಹಾಗಿರಲಿ, ಮೆಗ್ನೀಸಿಯಂ ಕೂಡ ಇಲ್ಲ. ಚೀಟಿ ನೋಡಿ ನೆಲ ಚೆನ್ನಾಗಿದೆ ಎಂದು ಭಾವಿಸಿದ ರೈತನನ್ನು ದೂರುವಂತಿಲ್ಲ.

ಒಟ್ಟು ಕ್ರೋಮಿಯಂ ಎಷ್ಟಿದೆ ಎಂಬ ಒಂದೇ ಅಂಕಿಯೂ ದಾರಿ ತಪ್ಪಿಸಬಲ್ಲದು. ಕ್ರೋಮೈಟ್ ಕಣದೊಳಗೆ ಬಂಧಿತವಾಗಿರುವ ಮೂರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಕರಗುವುದು ತೀರ ಕಡಿಮೆ. ಮಣ್ಣಿನ ಮ್ಯಾಂಗನೀಸ್ ಆಕ್ಸೈಡುಗಳ ಸಂಪರ್ಕದಿಂದ ಅದರಲ್ಲಿ ಸ್ವಲ್ಪಾಂಶವೇ ಆರು ವೇಲೆನ್ಸಿಗೆ ತಿರುಗಿದರೂ ಅದು ನೀರಿನೊಡನೆ ಸಾಗಿ ಬಾವಿ ಸೇರಬಲ್ಲ ವಿಷ. ಒಡಿಶಾದ ಸುಕಿಂದಾ ಕಣಿವೆ ಅನುಭವಿಸಿದ್ದು ಇದನ್ನೇ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಆದುದರಿಂದ ಒಟ್ಟು ಪ್ರಮಾಣ, ಸಸ್ಯಕ್ಕೆ ದೊರಕುವ ಪ್ರಮಾಣ, ಆರು ವೇಲೆನ್ಸಿಯ ಪ್ರಮಾಣ — ಮೂರನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ಮಾದರಿ ಸಂಗ್ರಹದಲ್ಲೂ ಎಚ್ಚರ ಬೇಕು. ದಿಬ್ಬದ ನೆತ್ತಿ, ಇಳಿಜಾರು, ಬುಡ, ಹಳ್ಳದ ಕೆಳಗಿನ ಹೊಲ, ಹೀಗೆ ನೀರು ಹರಿಯುವ ದಾರಿಯುದ್ದಕ್ಕೂ, ಮಳೆಗಾಲದ ಮೊದಲೂ ಅನಂತರವೂ ತೆಗೆಯಬೇಕು. ಹೋಲಿಕೆಗೆಂದು ಹತ್ತಿರದ ಕೆಂಪು ಮಣ್ಣನ್ನು ತಂದರೆ ತಪ್ಪು ಲೆಕ್ಕವಾಗುತ್ತದೆ. ಅದೇ ಶಿಲೆಯ ಮೇಲಿರುವ, ಗಣಿ ಮುಟ್ಟದ ನೆಲದ ಮಣ್ಣೇ ಬೇಕು. ಹಾಗಿಲ್ಲದಿದ್ದರೆ ಪ್ರಕೃತಿ ಇಟ್ಟದ್ದೆಷ್ಟು, ಗಣಿ ಹರಡಿದ್ದೆಷ್ಟು ಎಂಬುದು ಎಂದೂ ತಿಳಿಯದು. ಹಾಗೆ ತಿಳಿಯದಿರುವುದೇ ಅನುಕೂಲವೆನಿಸುವವರೂ ಇದ್ದಾರು.

ಚಿಕಿತ್ಸೆ ಈ ಪರೀಕ್ಷೆಯನ್ನೇ ಅವಲಂಬಿಸಿದೆ. ಕ್ಯಾಲ್ಸಿಯಂ ಕೊರತೆಯೆಂದು ಸುಣ್ಣ ಸುರಿದರೆ ರಸಸಾರ ಏರಿ ಆರು ವೇಲೆನ್ಸಿಯ ಕ್ರೋಮಿಯಂ ಇನ್ನಷ್ಟು ಸಡಿಲವಾಗಬಹುದು. ಜಿಪ್ಸಂ ರಸಸಾರವನ್ನು ಏರಿಸದೆ ಕ್ಯಾಲ್ಸಿಯಂ ನೀಡುತ್ತದೆ. ಕೊಟ್ಟಿಗೆ ಗೊಬ್ಬರ ತೇವ ಹಿಡಿಯುವುದರ ಜೊತೆಗೆ ವಿಷಕಾರಿ ಕ್ರೋಮಿಯಂ ಅನ್ನು ನಿರುಪದ್ರವಿ ರೂಪಕ್ಕೆ ಮರಳಿಸಲೂ ನೆರವಾಗುತ್ತದೆ. ಲೋಹವನ್ನು ಬಹುಪಾಲು ಬೇರಿನಲ್ಲೇ ಹಿಡಿದಿಡುವ ಲಾವಂಚ ಇಳಿಜಾರಿಗೆ ತಕ್ಕದ್ದು. ಪರೀಕ್ಷೆಯಿಂದ ಖಚಿತವಾಗುವವರೆಗೆ ದಿಬ್ಬದ ಮೇಲೆ ಮೇವಿನ ಹುಲ್ಲು ಬೆಳೆಸಕೂಡದು. ಲಾರಿ ತುಳಿತಕ್ಕೆ ಗಟ್ಟಿಯಾದ ನೆಲವನ್ನು ಸಡಿಲಿಸದೆ ಸಾಲಾಗಿ ಗುಂಡಿ ತೋಡಿ ನೀಲಗಿರಿ, ಅಕೇಶಿಯ ನೆಟ್ಟು ಸಸಿಗಳ ಲೆಕ್ಕ ಒಪ್ಪಿಸುವ ಪರಿಪಾಠ ರಾಜ್ಯಕ್ಕೆ ಹೊಸದಲ್ಲ.

ಹೊಳೆನರಸೀಪುರದ ಸುತ್ತಲೂ ಇಂಥದೇ ಪ್ರಾಚೀನ ಶಿಲಾಪಟ್ಟಿಯಿದೆ. ಅಲ್ಲಿಯೂ ಅರಕಲಗೂಡು ಕಡೆಯೂ ಹೊಗೆಸೊಪ್ಪು, ಆಲೂಗೆಡ್ಡೆ ಬೆಳೆಯುವ ರೈತರಿಗೆ ತಮ್ಮ ಹೊಲ ಯಾವ ಶಿಲೆಯ ಮೇಲಿದೆ ಎಂಬ ಮಾಹಿತಿ ದೊರಕಬೇಕು. ಗಣಿಬಾಧಿತ ಪ್ರದೇಶಗಳಿಗೆಂದೇ 2015ರ ಕಾನೂನು ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ರೂಪುಗೊಂಡಿವೆ. ಹಾಸನದ ಪ್ರತಿಷ್ಠಾನವು ಈ ದಿಬ್ಬಗಳ ಮಣ್ಣು, ಸುತ್ತಲ ಬಾವಿಗಳ ನೀರು ಮತ್ತು ಮೇವು ಮೂರರ ಪರೀಕ್ಷೆಗೂ ಹಣ ಕೊಡಬೇಕು; ಬರುವ ಮುಂಗಾರಿನಲ್ಲಿ ಒಂದು ಸಸಿಯನ್ನು ನೆಡುವ ಮೊದಲೇ ಅದರ ವರದಿಯನ್ನು ಕನ್ನಡದಲ್ಲಿ ಆಯಾ ಗ್ರಾಮಸಭೆಯ ಮುಂದಿಡಬೇಕು.